ಹೆಪ್ಪು

ಕಣಜ ಕಡ್ದಿರ್ಬೇಕು ಡಾಕ್ಟ್ರೇ, ಅಂದಳು ಸಫೂರಾಬಿ.
ರವಿಕೆ ಹೊಲಿದು ಉಳಿದ ಲೈನಿಂಗ್ ಬಟ್ಟೆಯಲ್ಲಿ
ಸುತ್ತಿ ತಂದಿದ್ದಳು ನಾಯಿಯನ್ನು.
ಹೆಸರು ಗುಂಡಿ. ಮರಿಯಿದ್ದಾಗ
ಕೋಟಿನ ಗುಂಡಿಯೊಂದನ್ನು ನುಂಗಿ
ಮೂರನೇ ದಿನ ವಾಪಸು ಕೊಟ್ಟಿತ್ತಂತೆ.

ಮೂತಿಯ ಎಡಗಡೆ ಬಾವು. ಒಂದು ಕಣ್ಣು ಮುಚ್ಚಿದೆ.
ಕಣಜವೂ ಹೀಗೇ ಮಾಡುತ್ತದೆ ಒಂದೊಂದು ಸಲ.
ಆದರೆ ಕಣಜ ಕಡಿದ ಜಾಗ
ಇಷ್ಟು ಹೊತ್ತು ರಕ್ತ ಒಸರುವುದಿಲ್ಲ.
ಕೂದಲು ಬೋಳಿಸಿ ಹುಡುಕಿದೆ.
ಎರಡು ಹಲ್ಲಿನ ಗುರುತು ಪಾಠದ ಪುಸ್ತಕದಲ್ಲಿರುತ್ತದೆ,
ರಿಪ್ಪನ್‌ಪೇಟೆಯ ಪಶು ಆಸ್ಪತ್ರೆಯ ಮೇಜಿನ ಮೇಲೆ
ಇದ್ದದ್ದು ಒಂದೇ,
ಅದೂ ಹಲ್ಲೋ, ಬೇಲಿಯ ಮುಳ್ಳೋ.

ಅಷ್ಟರಲ್ಲಿ ಬಡಗಿ ತಿಪ್ಪೋಜಿ ಬಂದ,
ಪೇಂಟಿನ ಡಬ್ಬದಲ್ಲಿ ಸಾಕ್ಷಿ ಹಿಡಿದು.
ಇದೇ ನೋಡಿ, ಸೌದೆ ಅಟ್ಟಿಯ ಬುಡದಲ್ಲೇ ಇತ್ತು,
ಮಂಡಲವೇ, ಒಂದೇ ಏಟು!
ಮುಚ್ಚಳ ತೆಗೆದೆ.
ನೀಳ ಮೈ, ದುಂಡು ಕಣ್ಣು,
ಇಲಿ ತಿಂದು ಹೊಟ್ಟೆ ತುಂಬಿದ್ದ ಪಾಪದ ಕೇರೆ.
ಮುಚ್ಚಳ ಹಾಕಿದೆ. ಏನೂ ಅನ್ನಲಿಲ್ಲ.

ಮುಂಗಾಲಿನಿಂದ ರಕ್ತ ತೆಗೆದು
ಗಾಜಿನ ಕೊಳವೆಗೆ ಬಿಟ್ಟೆ, ಎರಡೇ ಎರಡು ಎಂ.ಎಲ್.
ಪ್ಲಾಸ್ಟಿಕ್ ಆಗುವುದಿಲ್ಲ,
ಸೋಪಿನಲ್ಲಿ ತೊಳೆದದ್ದೂ ಆಗುವುದಿಲ್ಲ.
ಕಿಟಕಿಯ ಕಟ್ಟೆಯ ಮೇಲಿಟ್ಟು
ಇಪ್ಪತ್ತು ನಿಮಿಷ ಯಾರೂ ಅಲುಗಿಸಬೇಡಿ, ಅಂದೆ.
ಮೊಸರಿನ ಹಾಗಾ? ಕೇಳಿದಳು ಸಫೂರಾಬಿ.
ಮೊಸರಿನ ಹಾಗೇ.
ಹೆಪ್ಪು ಕೂತರೆ ಅರ್ಧ ಭಯ ಕಳೆಯಿತು.

ಅರ್ಧ ಯಾಕೆ ಅಂದೆನೋ, ಅವಳು ಕೇಳಲಿಲ್ಲ.
ಹೋದ ವರ್ಷ ಹುಂಚದ ಕಡೆಯಿಂದ
ಬುಟ್ಟಿಯಲ್ಲಿ ಒಂದು ಕೊತ್ತಿ ಬಂದಿತ್ತು.
ಬಾವಿಲ್ಲ, ಗಾಯವಿಲ್ಲ, ಒಂದು ಹನಿ ರಕ್ತವಿಲ್ಲ.
ರೆಪ್ಪೆ ಮಾತ್ರ ಇಳಿಯುತ್ತಿತ್ತು,
ಸಂತೆ ಮುಗಿದ ಮೇಲೆ ಅಂಗಡಿಯ ಬಾಗಿಲು ಎಳೆದ ಹಾಗೆ.
ರಾತ್ರಿಯೆಲ್ಲ ಅಲೆದು ಬಂದದೆ,
ನಿದ್ದೆ ಪಾಪ, ಅಂದ ತಂದ ಹುಡುಗ.
ಇದೇ ಕಟ್ಟೆ, ಇಂಥದೇ ಕೊಳವೆ.
ಅದರ ರಕ್ತ ಚೆಂದ ಹೆಪ್ಪುಗಟ್ಟಿತ್ತು.
ನಾನೂ ನಿದ್ದೆಯನ್ನೇ ನಂಬಿದೆ, ಹತ್ತು ನಿಮಿಷ.
ಕಟ್ಟುಹಾವಿಗೆ ಅಷ್ಟು ಸಾಕು.
ರಕ್ತವನ್ನು ಅದು ಮುಟ್ಟುವುದಿಲ್ಲ,
ಉಸಿರನ್ನು ಕೇಳುತ್ತದೆ.

ಹೊರಗೆ ಕುಂಸಿ ಬಸ್ಸು ಹಾರ್ನ್ ಹೊಡೆಯಿತು.
ಸಫೂರಾಬಿ ನಾಯಿಯ ಕಿವಿಯನ್ನು
ಟೇಪು ಸುತ್ತುವಂತೆ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ.
ತಿಪ್ಪೋಜಿ ನೋಡಿದ್ದು ಗೋಡೆಯ ಗಡಿಯಾರ,
ಅದು ನಿಂತು ವರ್ಷವಾಗಿದೆ.

ಹತ್ತೊಂಬತ್ತು.
ಇಪ್ಪತ್ತು.
ಕೊಳವೆ ವಾಲಿಸಿದೆ.
ಕುಂಕುಮ ಕದಡಿದ ನೀರಿನಂತೆ
ಸರಾಗ ಹರಿದು ಬಂತು ಬಾಯಿಯವರೆಗೆ.

ಮಂಡಲ, ಅಂದೆ.
ನಾನ್ ಹೇಳ್ಲಿಲ್ವಾ! ಅಂದ ತಿಪ್ಪೋಜಿ.

ಫ್ರಿಜ್ಜಿನಲ್ಲಿ ರೇಬೀಸ್ ಲಸಿಕೆಯ ಹಿಂದೆ
ಔಷಧಿ ಇದ್ದದ್ದು ಎರಡೇ ಸೀಸೆ, ಮನುಷ್ಯರಿಗೆಂದೇ ಮಾಡಿದ್ದು.
ಮೂರನೆಯದಕ್ಕೆ ಹೊಸನಗರಕ್ಕೇ ಹೋಗಬೇಕು.
ಯಾರು, ಅನ್ನುವ ಮೊದಲೇ
ಬೈಕು ಒದ್ದಿದ್ದ,
ಸತ್ತ ಹಾವನ್ನು ನನ್ನ ಜಗಲಿಯಲ್ಲೇ ಬಿಟ್ಟು.

ಬೆಳಿಗ್ಗೆ ನಾನು ಕಾದದ್ದು ನಾಯಿಯ ಮೂತ್ರಕ್ಕೆ.
ಕಷಾಯದ ಬಣ್ಣ ಬಂದರೆ, ಇಲ್ಲವೇ ಬಾರದೇ ಹೋದರೆ
ಆ ಎರಡನ್ನೂ ಸಫೂರಾಬಿಗೆ ಹೇಳಿರಲಿಲ್ಲ.
ಐಸು ಫ್ಲಾಸ್ಕು ಹಿಂದಿರುಗಿಸಲು ಬಂದ ತಿಪ್ಪೋಜಿಯ
ಬೈಕಿನ ಹಿಂದಿನ ಚಕ್ರಕ್ಕೆ ಗುಂಡಿ,
ತೂರಾಡುತ್ತ, ಕಾಲು ಸರಿಯಾಗಿ ಎತ್ತಲಾಗದೆ,
ಹೊಯ್ಯಿತು.
ಹಳದಿ. ಬರೀ ಹಳದಿ.
ನಾನು ಕುಕ್ಕರಗಾಲಲ್ಲಿ ಕೂತು ನೋಡಿದೆ,
ಅವನು ಬೈಯುತ್ತಲೇ ಇದ್ದ.

ರಿಜಿಸ್ಟರಿನಲ್ಲಿ ಬರೆದೆ:
ಕಚ್ಚಿದ್ದು, ಮಂಡಲ. ಕಂಡವರು, ಯಾರೂ ಇಲ್ಲ.
ಕೇರೆಗೆ ಆ ಪುಟದಲ್ಲಿ ಕಾಲಂ ಇರಲಿಲ್ಲ.
ಆಸ್ಪತ್ರೆಯ ಹಿಂದೆ, ಸೀಬೆ ಗಿಡದ ಬುಡದಲ್ಲಿ
ಡಬ್ಬ ಬಗ್ಗಿಸಿ ಮಣ್ಣು ಮುಚ್ಚಿದೆ.
ತಿಪ್ಪೋಜಿಗೆ ಹೇಳಬೇಕು ಒಂದಿನ.
ಇವತ್ತು ಬೇಡ.